ನಡೆಯದ ಚರಿತ್ರೆಗೆ ಹಲವು ಕೈಗಳು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. 1565ರಲ್ಲಿ ಸುಲ್ತಾನರ ಎದುರಿನ ಯುದ್ಧದಲ್ಲಿ ವಿಜಯನಗರದ ಅಳಿಯ ರಾಮರಾಯ ಸೋಲದಿದ್ದರೆ? ವಿಜಯನಗರ ಉಳಿದಿದ್ದರೆ ನಮ್ಮ ನಾಡು ಇವತ್ತು ಹೇಗಿರುತ್ತಿತ್ತು? ಹಿರಿಯರು ಇದನ್ನು ನಿಟ್ಟುಸಿರಿನ ಜೊತೆಗೆ ಕೇಳುತ್ತಾರೆ. ಎಳೆಯರು ಕೇಳುವ ರೀತಿ ಬೇರೆ. ಗೆಳೆಯ ಗೆಳತಿಯರು ಕೂಡಿ ಅಂಥದೊಂದು ದೇಶವನ್ನೇ ಕಟ್ಟುತ್ತಿದ್ದೇವೆ, ಒಬ್ಬ ನಕ್ಷೆ ಬರೆಯುತ್ತಾನೆ, ಒಬ್ಬಳು ನಾಣ್ಯಗಳ ಚಿತ್ರ ಬಿಡಿಸುತ್ತಾಳೆ, ಇನ್ನೊಬ್ಬ ಅರಸರ ವಂಶಾವಳಿ ಹಾಕುತ್ತಾನೆ, ಮನೆಯಲ್ಲಿ ಹೊತ್ತು ಹಾಳು ಮಾಡಬೇಡಿ ಅಂತಾರೆ, ನೀವೇನು ಹೇಳುತ್ತೀರಿ ಎನ್ನುತ್ತಾರೆ. ಅದು ಹೊತ್ತು ಹಾಳಲ್ಲ ಎಂದೇ ನಾನು ಹೇಳುತ್ತೇನೆ. ಆದರೆ ಒಂದು ಷರತ್ತು ಇದೆ. ಅದನ್ನು ಒಬ್ಬರೇ ಮಾಡಬಾರದು, ಒಂದೇ ಮನಸ್ಸಿನವರಷ್ಟೇ ಸೇರಿಕೊಂಡೂ ಮಾಡಬಾರದು.

ಹೀಗಾಗದೆ ಹಾಗಾಗಿದ್ದರೆ ಎಂದು ಯೋಚಿಸುವುದು ಹಳೆಯ ಅಭ್ಯಾಸ. ಅಲೆಕ್ಸಾಂಡರ್ ಪಶ್ಚಿಮಕ್ಕೆ ತಿರುಗಿ ರೋಮಿನ ಮೇಲೆ ಬಂದಿದ್ದರೆ ಗೆಲ್ಲುತ್ತಿದ್ದನೇ ಎಂದು ರೋಮನ್ ಇತಿಹಾಸಕಾರ ಲಿವಿ ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಚರ್ಚಿಸಿದ. ರೋಮೇ ಗೆಲ್ಲುತ್ತಿತ್ತು ಎಂದು ತೀರ್ಮಾನವನ್ನೂ ಕೊಟ್ಟ. ರೋಮನ್ ಆದವನು ಮತ್ತೇನು ಹೇಳಿಯಾನು? ಒಬ್ಬನೇ ಕುಳಿತು ಬರೆಯುವ ಪರ್ಯಾಯ ಚರಿತ್ರೆಗೆ ಇರುವ ಅಪಾಯ ಇದೇ. ನಾವು ಸೋತ ಯುದ್ಧಗಳನ್ನು ಅಲ್ಲಿ ಗೆಲ್ಲುತ್ತೇವೆ, ಸತ್ತ ನಾಯಕರನ್ನು ಬದುಕಿಸುತ್ತೇವೆ, ಬೇಡದವರನ್ನು ಅಳಿಸಿಬಿಡುತ್ತೇವೆ. ಕೇಳುವವರು ಯಾರೂ ಇಲ್ಲ. ಎದುರಿಗೆ ಇನ್ನೊಬ್ಬ ಕುಳಿತು ‘ಹಾಗಾದರೆ ನನ್ನೂರಿನ ಗತಿ ಏನು’ ಎಂದು ಕೇಳಿದಾಗಲೇ ಆ ಬಯಕೆ ಚರಿತ್ರೆಯ ಅಭ್ಯಾಸವಾಗಿ ಮಾರ್ಪಡುವುದು.

ಇದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಅಮೆರಿಕದ ಎರಿಕ್ ಫ್ಲಿಂಟ್ ಮತ್ತು ಅವರ ಸುತ್ತ ಕೂಡಿಕೊಂಡ ಬರಹಗಾರರು. ಫ್ಲಿಂಟ್ ಇತಿಹಾಸ ಓದಿಕೊಂಡವರು. ಆಮೇಲೆ ಕಾರ್ಖಾನೆಗಳಲ್ಲಿ ಯಂತ್ರಗಳ ಮುಂದೆ ನಿಂತು ದುಡಿದರು, ಕಾರ್ಮಿಕ ಸಂಘಟನೆಯಲ್ಲಿ ವರ್ಷಗಟ್ಟಲೆ ತೊಡಗಿದ್ದರು, ಬರವಣಿಗೆಗೆ ಬಂದದ್ದು ತಡವಾಗಿ. 2000ದಲ್ಲಿ ಅವರ ‘1632’ ಎಂಬ ಕಾದಂಬರಿ ಹೊರಬಂತು. ಪಶ್ಚಿಮ ವರ್ಜೀನಿಯಾದ ಗ್ರಾಂಟ್‌ವಿಲ್ ಎಂಬ ಕಲ್ಲಿದ್ದಲು ಗಣಿಯ ಊರು, ಸುಮಾರು ಮೂರು ಸಾವಿರ ಜನ, ಇದ್ದಕ್ಕಿದ್ದಂತೆ ನೆಲಸಮೇತ ಕಿತ್ತು ಹೋಗಿ 1631ರ ಜರ್ಮನಿಯ ತುರಿಂಗಿಯಾ ಪ್ರಾಂತದಲ್ಲಿ ಬೀಳುತ್ತದೆ. ಅಲ್ಲಿ ಆಗ 1618ರಲ್ಲಿ ಶುರುವಾದ ಮೂವತ್ತು ವರ್ಷಗಳ ಯುದ್ಧ ಉರಿಯುತ್ತಿತ್ತು. 1631ರ ಮೇ ತಿಂಗಳಲ್ಲೇ ಮಾಗ್ಡೆಬುರ್ಗ್ ನಗರವನ್ನು ಸೈನಿಕರು ಸುಟ್ಟು ಸೂರೆಮಾಡಿದ್ದರು, ಸುಮಾರು ಇಪ್ಪತ್ತು ಸಾವಿರ ಜನ ಸತ್ತಿದ್ದರು. ಇಂಥ ನಾಡಿನ ನಡುವೆ ಗಣಿ ಕಾರ್ಮಿಕರ ಸಂಘದ ನಾಯಕನೊಬ್ಬ ತನ್ನ ಊರನ್ನು ಉಳಿಸಿಕೊಳ್ಳಬೇಕು. ಊರು ಹೇಗೆ ಹಿಂದಕ್ಕೆ ಹೋಯಿತು ಎಂಬುದು ಕಥೆಗಾರನ ಮಾಯೆ, ಅದನ್ನು ಒಮ್ಮೆ ಒಪ್ಪಿಕೊಂಡುಬಿಡಬೇಕು. ಆಮೇಲೆ ಮಾಯೆ ಇಲ್ಲ, ಎಲ್ಲಕ್ಕೂ ಲೆಕ್ಕ ಕೊಡಬೇಕು.

ಪುಸ್ತಕ ಬಂದಮೇಲೆ ಓದುಗರು ಸುಮ್ಮನಿರಲಿಲ್ಲ. ಊರಿನಲ್ಲಿ ವಿದ್ಯುತ್ ಎಷ್ಟು ದಿನ ಬರುತ್ತದೆ, ಔಷಧಿ ಮುಗಿದಾಗ ಏನು ಮಾಡುತ್ತಾರೆ, ಟೈರುಗಳು ಸವೆದರೆ ರಬ್ಬರು ಎಲ್ಲಿಂದ ಎಂದು ವಾದಕ್ಕೆ ಇಳಿದರು. ಅವರಲ್ಲಿ ಎಂಜಿನಿಯರುಗಳಿದ್ದರು, ದಾದಿಯರಿದ್ದರು, ಇತಿಹಾಸ ಕಲಿಸಿದವರಿದ್ದರು. ಫ್ಲಿಂಟ್ ಅವರಿಗೆ ಬಾಗಿಲು ತೆರೆದರು. ಬನ್ನಿ, ನೀವೂ ಬರೆಯಿರಿ, ಆದರೆ ನಾನು ಓದಿ ಒಪ್ಪಿದ್ದು ಮಾತ್ರ ಈ ಲೋಕದಲ್ಲಿ ನಡೆದದ್ದಾಗುತ್ತದೆ ಎಂದರು. ಅವರ ಕಥೆ ಲೇಖನಗಳಿಗಾಗಿ ‘ಗ್ರಾಂಟ್‌ವಿಲ್ ಗೆಜೆಟ್’ ಎಂಬ ಪತ್ರಿಕೆಯೇ ಹುಟ್ಟಿತು, ನೂರಕ್ಕೂ ಹೆಚ್ಚು ಸಂಚಿಕೆ ಬಂತು. ಎಷ್ಟೋ ಜನ ತಮ್ಮ ಬದುಕಿನ ಮೊದಲ ಕಥೆಯನ್ನು ಅಲ್ಲಿ ಅಚ್ಚಿನಲ್ಲಿ ಕಂಡರು.

ನನಗೆ ಇದರಲ್ಲಿ ತೀರಾ ಇಷ್ಟವಾದದ್ದು ಅವರು ಮಾಡಿಕೊಂಡ ಕಟ್ಟುಪಾಡು. ಗ್ರಾಂಟ್‌ವಿಲ್ ಕಲ್ಪಿತ ಊರು, ಆದರೆ ಅದಕ್ಕೆ ಮಾದರಿ ಪಶ್ಚಿಮ ವರ್ಜೀನಿಯಾದಲ್ಲಿ ನಿಜವಾಗಿ ಇರುವ ಮ್ಯಾನಿಂಗ್‌ಟನ್ ಎಂಬ ಸಣ್ಣ ಪಟ್ಟಣ. 2000ದ ಹೊತ್ತಿಗೆ ಮ್ಯಾನಿಂಗ್‌ಟನ್‌ನಲ್ಲಿ ಏನು ಇತ್ತೋ ಅದು ಮಾತ್ರ ಕಥೆಯ ಊರಿನಲ್ಲಿ ಇರಬಹುದು. ನಿಮ್ಮ ಕಥೆಗೆ ಒಬ್ಬ ಹೃದಯ ತಜ್ಞ ಬೇಕೆಂದರೆ ಅಂಥ ಸಣ್ಣ ಊರಿನಲ್ಲಿ ಅವನಿರಲು ಸಾಧ್ಯವೇ ಎಂದು ಮೊದಲು ತೋರಿಸಬೇಕು. ರಸಾಯನಶಾಸ್ತ್ರದ ಒಂದು ದೊಡ್ಡ ಗ್ರಂಥ ಬೇಕೆಂದರೆ ಅಲ್ಲಿನ ಗ್ರಂಥಾಲಯದಲ್ಲೋ ಯಾರದಾದರೂ ಮನೆಯಲ್ಲೋ ಅದು ಇದ್ದೀತೇ ಎಂದು ನೋಡಬೇಕು. ಊರಿನ ಜನರದೊಂದು ದೊಡ್ಡ ಪಟ್ಟಿಯನ್ನೇ ಇಟ್ಟುಕೊಂಡರು. ಹೆಸರು, ವಯಸ್ಸು, ಕಸುಬು, ಯಾರ ಮಗಳು, ಯಾರ ಸೊಸೆ ಎಲ್ಲವೂ ಅದರಲ್ಲಿ. ಹೊಸ ಲೇಖಕ ತನ್ನ ಪಾತ್ರವನ್ನು ಆ ಪಟ್ಟಿಯಿಂದ ಆರಿಸಿಕೊಳ್ಳಬೇಕು. ತನಗೆ ಬೇಕಾದಂತೆ ಮನುಷ್ಯರನ್ನು ಸೃಷ್ಟಿಸುವ ಸ್ವಾತಂತ್ರ್ಯ ಕಥೆಗಾರನಿಗೆ ಸಹಜವಾಗಿ ಇರುತ್ತದೆ. ಅದನ್ನೇ ಇವರು ತಮ್ಮ ಕೈಯಾರೆ ಕಟ್ಟಿಹಾಕಿಕೊಂಡರು.

ಯಂತ್ರಗಳ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು. 20ನೇ ಶತಮಾನದ ಕೊನೆಯ ತಂತ್ರಜ್ಞಾನವನ್ನು ಒಂದು ಊರು ತಾನೇ ಉಳಿಸಿಕೊಳ್ಳಲಾರದು. ಒಂದು ಕಂಪ್ಯೂಟರ್ ಚಿಪ್ಪಿನ ಹಿಂದೆ ನೂರಾರು ಕಾರ್ಖಾನೆಗಳಿವೆ, ಅವು 1631ರಲ್ಲಿ ಇಲ್ಲ. ಹಾಗಾಗಿ ಕೈಯಲ್ಲಿರುವ ಯಂತ್ರಗಳು ಕೆಡುವುದರೊಳಗೆ ಅವುಗಳ ಸಹಾಯದಿಂದಲೇ 19ನೇ ಶತಮಾನದ ಮಟ್ಟಕ್ಕೆ ಇಳಿದು ನಿಲ್ಲಬೇಕು, ಅಂದರೆ ಉಗಿಯಂತ್ರ, ತಂತಿ ಸಂದೇಶ, ಸರಳವಾದ ಕಬ್ಬಿಣದ ಕೆಲಸ. ಅಲ್ಲಿಂದ ಮತ್ತೆ ಮೇಲೆ ಹತ್ತಬೇಕು. ಇದನ್ನು ಓದುವಾಗ ಒಂದು ಸಂಗತಿ ನನಗೆ ಹೊಸದಾಗಿ ಹೊಳೆಯಿತು. ಶೋಧಗಳ ಚರಿತ್ರೆಯನ್ನು ನಮಗೆ ಶಾಲೆಯಲ್ಲಿ ಹೆಸರು ಮತ್ತು ಇಸವಿಯಾಗಿ ಕಲಿಸುತ್ತಾರೆ. ಯಾವುದು ಇಲ್ಲದೆ ಯಾವುದು ಬರಲಾರದು ಎಂಬ ಸರಪಳಿ ಕಾಣುವುದೇ ಇಲ್ಲ. ಈ ಬರಹಗಾರರು ಆ ಸರಪಳಿಯ ಒಂದೊಂದು ಕೊಂಡಿಯನ್ನೂ ಮುಟ್ಟಿ ನೋಡಿದ್ದರು.

ಇನ್ನು ಅರಸರ ಕಥೆ. ಗ್ರಾಂಟ್‌ವಿಲ್‌ನ ಜೊತೆ ಅದರ ಶಾಲೆ, ಗ್ರಂಥಾಲಯ, ವಿಶ್ವಕೋಶಗಳೂ ಹೋಗಿರುತ್ತವಲ್ಲ. ಯುರೋಪಿನ ದೊರೆಗಳು ತಮ್ಮ ಮುಂದಿನ ಗತಿಯನ್ನು ಅದರಲ್ಲಿ ಓದಿಕೊಳ್ಳುತ್ತಾರೆ. ಇಂಗ್ಲೆಂಡಿನ ಒಂದನೇ ಚಾರ್ಲ್ಸ್ 1649ರಲ್ಲಿ ತನ್ನ ತಲೆ ಹೋಗುವುದನ್ನು ತಿಳಿದು, ಇನ್ನೂ ಏನೂ ಮಾಡಿರದ ಆಲಿವರ್ ಕ್ರಾಮ್ವೆಲ್‌ನನ್ನು ಹಿಡಿದು ಲಂಡನ್ ಟವರಿಗೆ ಹಾಕಿಸುತ್ತಾನೆ. ಫ್ರಾನ್ಸಿನ ಕಾರ್ಡಿನಲ್ ರಿಷಲ್ಯೂ ಹೊಸ ಕೂಟ ಕಟ್ಟುತ್ತಾನೆ. ನಿಜ ಚರಿತ್ರೆಯಲ್ಲಿ 1632ರ ಲ್ಯುಟ್ಸನ್ ಕದನದಲ್ಲಿ ಮಡಿದ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸ್ ಇಲ್ಲಿ ಉಳಿದುಕೊಳ್ಳುತ್ತಾನೆ. ತಿಳಿದ ಚರಿತ್ರೆ ಮತ್ತೆ ಹಾಗೆಯೇ ನಡೆಯುವುದಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಪಾಠವನ್ನು ನಾನು ಕಂಡಿಲ್ಲ.

ಆದರೆ ದೊರೆಗಳಿಗಿಂತ ನನ್ನನ್ನು ಹಿಡಿದಿಟ್ಟದ್ದು ಒಂದು ಟಗರಿನ ಕಥೆ. ಬ್ರಿಲ್ಲೋ ಎಂಬ ಹಠಮಾರಿ ಟಗರಿನ ಬಗ್ಗೆ ಓದುಗ ಬರಹಗಾರರು ಲಘುವಾದ ಕೆಲವು ಕಥೆಗಳನ್ನು ಬರೆದರು. ಯುದ್ಧವಿಲ್ಲ, ರಾಜಕಾರಣವಿಲ್ಲ, ಬರೀ ಕುರಿ ಸಾಕಣೆಯ ಸಂಗತಿ. ಉಳಿದವರು ಅದನ್ನು ಎತ್ತಿಕೊಂಡರು. ಫ್ಲಿಂಟ್ ಮತ್ತು ಇತಿಹಾಸಕಾರ್ತಿ ವರ್ಜೀನಿಯಾ ಡಿಮಾರ್ಸ್ 2006ರಲ್ಲಿ ಹಲವರ ಕಥೆಗಳನ್ನು ಹೆಣೆದು ಒಂದು ಪುಸ್ತಕ ತಂದಾಗ ಆ ಟಗರು ಫ್ರಾಂಕೋನಿಯಾದ ರೈತ ಬಂಡಾಯದ ಲಾಂಛನವಾಗಿತ್ತು. 1524-25ರ ನಿಜವಾದ ಜರ್ಮನ್ ರೈತ ದಂಗೆಯ ಕಾಲದಲ್ಲಿ ರೈತರ ಗುರುತು ದಾರ ಕಟ್ಟುವ ಚಪ್ಪಲಿಯಂಥ ಅವರ ಪಾದರಕ್ಷೆ ಎಂಬುದನ್ನು ನೆನೆದರೆ ಈ ಟಗರು ಎಷ್ಟು ಹೊಂದಿಕೆಯಾಗುತ್ತದೆ ಎಂದು ತಿಳಿಯುತ್ತದೆ. ಒಬ್ಬನೇ ಲೇಖಕ ಯೋಜನೆ ಹಾಕಿ ಬರೆದಿದ್ದರೆ ಲಾಂಛನಕ್ಕೆ ಸಿಂಹವನ್ನೋ ಹದ್ದನ್ನೋ ತರುತ್ತಿದ್ದ. ಜನರ ಚರಿತ್ರೆಯಲ್ಲಿ ಗುರುತುಗಳು ಹುಟ್ಟುವುದು ಹೀಗೆಯೇ, ಯಾರೋ ಎಲ್ಲೋ ನಗುತ್ತ ಆಡಿದ ಮಾತಿನಿಂದ.

ಫ್ಲಿಂಟ್ 2022ರ ಜುಲೈನಲ್ಲಿ ತೀರಿಕೊಂಡರು. ಗೆಜೆಟ್ ನಿಂತಿತು. ಮರುವರ್ಷ ಅದೇ ಲೋಕದ ಕಥೆಗಳಿಗಾಗಿ ಮತ್ತೊಂದು ಪತ್ರಿಕೆ ಶುರುವಾಯಿತು.

ಇದು ಒಬ್ಬ ಸಂಪಾದಕನ ಕಣ್ಣಳತೆಯಲ್ಲಿ ನಡೆದ ಕೆಲಸ. ಯಜಮಾನನೇ ಇಲ್ಲದೆ ನಡೆದದ್ದೂ ಇದೆ. ನ್ಯೂಜಿಲೆಂಡಿನ ಆಂಡ್ರ್ಯೂ ಸ್ಮಿತ್ ಎಂಬವರು 1990ರ ದಶಕದಲ್ಲಿ ಬ್ರಿಥೆನಿಗ್ ಎಂಬ ಭಾಷೆಯನ್ನು ರೂಪಿಸಿದರು. ಬ್ರಿಟನ್ನಿನಲ್ಲಿ ಲ್ಯಾಟಿನ್ ಬೇರೂರಿ, ವೆಲ್ಷ್ ಭಾಷೆ ಕಂಡ ಧ್ವನಿ ಬದಲಾವಣೆಗಳನ್ನೇ ತಾನೂ ಕಂಡಿದ್ದರೆ ಹೇಗಿರುತ್ತಿತ್ತೋ ಅಂಥ ಭಾಷೆ. ಭಾಷೆ ಇದ್ದಮೇಲೆ ಅದನ್ನು ಆಡುವ ಜನ ಬೇಕು, ಅವರಿಗೊಂದು ನಾಡು ಬೇಕು, ನಾಡಿಗೆ ನೆರೆಹೊರೆ ಬೇಕು. ಹಾಗೆ ಬೆಳೆದದ್ದು ಇಲ್ ಬೆಥಿಸಾಡ್ ಎಂಬ ಕಲ್ಪಿತ ಜಗತ್ತು. ದೇಶವಿದೇಶಗಳ ಭಾಷಾಪ್ರಿಯರು ಬಂದು ಒಂದೊಂದು ನಾಡಿನ ಪಾಲನೆ ವಹಿಸಿಕೊಂಡರು. ನೆದರ್ಲೆಂಡ್ಸ್‌ನ ಯಾನ್ ವಾನ್ ಸ್ಟೇನ್‌ಬರ್ಗನ್ ಲ್ಯಾಟಿನ್ನಿನಿಂದ ಹುಟ್ಟಿದ ಪೋಲಿಷ್‌ನಂಥ ವೆನೆಡಿಕ್ ಭಾಷೆಯನ್ನು ಕಟ್ಟಿ ಪೋಲೆಂಡಿನ ಜಾಗವನ್ನು ತುಂಬಿದರು. ಒಬ್ಬರ ನಾಡಿನ ವಿಷಯವನ್ನು ಇನ್ನೊಬ್ಬರು ಅವರನ್ನು ಕೇಳದೆ ಬದಲಿಸುವಂತಿಲ್ಲ. ಎಲ್ಲರೂ ಒಪ್ಪಿ ಒಮ್ಮೆ ಬರೆದದ್ದನ್ನು ಆಮೇಲೆ ಬೇಡವೆನಿಸಿದರೂ ಅಳಿಸುವಂತಿಲ್ಲ. ಹಳೆಯದು ಸರಿಬರದಿದ್ದರೆ ಅದು ಹೇಗೆ ಹಾಗಾಯಿತು ಎಂಬುದಕ್ಕೆ ಕಾರಣ ಹುಡುಕಿ ಮುಂದಕ್ಕೆ ಬರೆಯಬೇಕು.

ಕರಾವಳಿಯ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ತಾಳಮದ್ದಲೆ ನಡೆಯುವುದು ಹೀಗೆಯೇ. ಪ್ರಸಂಗದ ಪದ್ಯ ಭಾಗವತರದು, ಅದನ್ನು ಮುರಿಯುವಂತಿಲ್ಲ. ಎದುರು ಕುಳಿತ ಅರ್ಥಧಾರಿ ಒಂದು ಮಾತು ಎಸೆದರೆ ಅದು ಆಡಿದ ಮಾತು, ಕೇಳಲೇ ಇಲ್ಲ ಎನ್ನುವಂತಿಲ್ಲ. ಅದಕ್ಕೆ ಪಾತ್ರದೊಳಗೇ ಇದ್ದು ಉತ್ತರ ಕಟ್ಟಬೇಕು. ಕರ್ಣನ ಅರ್ಥ ಹೇಳುವವರು ಕೃಷ್ಣನ ಅರ್ಥ ಹೇಳುವವರ ಪ್ರಶ್ನೆಗೆ ಸಿಕ್ಕಿ ಒದ್ದಾಡಿ ಹೊಸ ದಾರಿ ಕಂಡುಕೊಂಡಾಗಲೇ ಸಭೆಗೆ ರಸ. ಅಂಥ ಎದುರಾಳಿ ಇಲ್ಲದ ಕರ್ಣ ಬರೀ ಭಾಷಣ ಮಾಡುತ್ತಾನೆ.

ಈಗ ನಮ್ಮ ರಾಮರಾಯನ ವಿಷಯ. ಒಂದು ಕಾಲೇಜಿನ ಇತಿಹಾಸ ಸಂಘದ ಮಕ್ಕಳು ಕರೆದಾಗ ನಾನು ಇದೇ ಪ್ರಶ್ನೆಯನ್ನು ಅವರ ಮುಂದೆ ಇಟ್ಟೆ. ಒಬ್ಬೊಬ್ಬರು ಒಂದೊಂದು ಸೀಮೆಯ ಹೊಣೆ ಹೊತ್ತುಕೊಳ್ಳಿ, ನಿಮ್ಮ ಸೀಮೆಗೆ ಏನಾಗುತ್ತದೆ ಎಂಬುದನ್ನು ನೀವೇ ಕಾಯಬೇಕು ಎಂದೆ. ಬಳ್ಳಾರಿ ಕಡೆಯ ಹುಡುಗ ಹಂಪಿಯನ್ನು ತೆಗೆದುಕೊಂಡ. ಯುದ್ಧ ಗೆದ್ದಾಯಿತು, ನಗರ ಉಳಿಯಿತು, ಸುಲ್ತಾನರು ಓಡಿಹೋದರು ಎಂದು ಬೇಗ ಬೇಗ ಬರೆದ. ವಿಜಯಪುರದ ಹುಡುಗಿ ಎದ್ದು ಕೇಳಿದಳು: ‘ಸರ್, ಹಂಗಾದ್ರ ನಮ್ಮೂರಾಗ ಗೋಳಗುಮ್ಮಟ ಇರೂದಿಲ್ಲೇನ್ರಿ?’

ಕೋಣೆಯಲ್ಲಿ ಯಾರಿಗೂ ತಟ್ಟನೆ ಉತ್ತರ ಸಿಗಲಿಲ್ಲ. ಗೋಳಗುಮ್ಮಟ ಮಹಮ್ಮದ್ ಆದಿಲ್ ಶಾಹನದು, ಅವನು ಆಳಿದ್ದು 1627ರಿಂದ 1656ರವರೆಗೆ. ಆ ಹೊತ್ತಿಗೆ ಬಿಜಾಪುರದ ಸೇನೆ ದಕ್ಷಿಣದಲ್ಲಿ ಬೆಂಗಳೂರಿನವರೆಗೂ ಬಂದಿತ್ತು, ಆ ವಿಸ್ತಾರದ ಸಂಪತ್ತು ಬಿಜಾಪುರಕ್ಕೆ ಹರಿದಿತ್ತು. ವಿಜಯನಗರ ಗಟ್ಟಿಯಾಗಿ ನಿಂತಿದ್ದರೆ ಅದು ಹೇಗೆ ಸಾಧ್ಯ? ಅಷ್ಟೇ ಅಲ್ಲ, ಸಂಗೀತವನ್ನು ಪ್ರಾಣದಂತೆ ಪ್ರೀತಿಸಿ ‘ಕಿತಾಬ್-ಎ-ನವರಸ್’ ಬರೆದ ಎರಡನೇ ಇಬ್ರಾಹಿಂ ಆದಿಲ್ ಶಾಹ ಹುಟ್ಟಿದ್ದೇ 1565ರ ನಂತರ. ಬದಲಾದ ಚರಿತ್ರೆಯಲ್ಲಿ ಅವನು ಹುಟ್ಟಿಯೇ ಹುಟ್ಟುತ್ತಾನೆಂದು ಯಾರು ಹೇಳಬಲ್ಲರು? ಗೋಳಗುಮ್ಮಟವೂ ಇಬ್ರಾಹಿಂ ರೋಜಾವೂ ಕರ್ನಾಟಕದ್ದೇ. ಹಂಪಿಯನ್ನು ಉಳಿಸಲು ಹೊರಟವನು ತನ್ನದೇ ನಾಡಿನ ಇನ್ನೊಂದು ಸೊತ್ತನ್ನು ಕೈಬಿಡಬೇಕಾಯಿತು.

ಮೈಸೂರಿನ ಕಡೆಯವರು ಅಷ್ಟರಲ್ಲಿ ತಮ್ಮ ಲೆಕ್ಕ ತೆಗೆದಿದ್ದರು. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ಪಡೆದುಕೊಂಡು ಅಲ್ಲಿ ದಸರಾ ಆಚರಿಸಿದ್ದು 1610ರಲ್ಲಿ. ಸಾಮ್ರಾಜ್ಯ ದುರ್ಬಲವಾಗದೆ ಅದು ಆಗುತ್ತಿರಲಿಲ್ಲ. ಮೈಸೂರು ಒಂದು ಸಣ್ಣ ಪಾಳೆಯಪಟ್ಟಾಗಿಯೇ ಉಳಿಯುತ್ತಿತ್ತೋ ಏನೋ. ಹಾಗಾದರೆ ಚಿಕ್ಕದೇವರಾಜ ಒಡೆಯರ ಆಸ್ಥಾನ ಇಲ್ಲ, ಆ ಅರಮನೆಯಲ್ಲಿ ಬೆಳೆದು ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ಇಲ್ಲ. ವಿಜಯನಗರ ಉಳಿದಿದ್ದರೆ ಕನ್ನಡಕ್ಕೆ ಒಳ್ಳೆಯದಾಗುತ್ತಿತ್ತು ಎಂದು ನನಗೆ ಬರೆಯುವ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ರಾಮರಾಯನ ಅರವೀಡು ಮನೆತನದ ಒಲವು ಹೆಚ್ಚಾಗಿ ತೆಲುಗಿನ ಕಡೆಗಿತ್ತು. ಕನ್ನಡದ ಒಂದು ಮುಖ್ಯ ಆಸರೆ ಆ ಸಾಮ್ರಾಜ್ಯ ಕುಗ್ಗಿದ ಮೇಲೆ ಮೈಸೂರಿನಲ್ಲಿ ಚಿಗುರಿತು.

ಕೊನೆಗೆ ಮಕ್ಕಳೇ ಒಂದು ಜಾಣ ದಾರಿ ಹುಡುಕಿದರು. ಯುದ್ಧವನ್ನು ಗೆಲ್ಲಿಸುವುದು ಬೇಡ, ಯುದ್ಧವೇ ಆಗದಂತೆ ಮಾಡೋಣ ಎಂದರು. ಬಿಜಾಪುರದ ಅಲಿ ಆದಿಲ್ ಶಾಹನೂ ರಾಮರಾಯನೂ ಒಂದು ಕಾಲಕ್ಕೆ ಮಿತ್ರರಾಗಿದ್ದರು, ಇಬ್ಬರೂ ಸೇರಿ ಅಹಮದ್‌ನಗರದ ಮೇಲೆ ಹೋಗಿದ್ದರು. ಆ ಅಲಿ ಎದುರು ಪಕ್ಷಕ್ಕೆ ಹೋದದ್ದರ ಹಿಂದೆ ಒಂದು ಮದುವೆ ಇದೆ. ಅಹಮದ್‌ನಗರದ ಹುಸೇನ್ ನಿಜಾಮ ಶಾಹನ ಮಗಳು ಚಾಂದ್‌ಬೀಬಿಯನ್ನು ಅಲಿಗೆ ಕೊಟ್ಟು, ಬಹುಕಾಲ ಜಗಳಕ್ಕೆ ಕಾರಣವಾಗಿದ್ದ ಸೊಲ್ಲಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟರು. ಆ ಮಾತುಕತೆ ಮುರಿದುಬಿದ್ದಿದ್ದರೆ? ಕವಲೊಡೆಯುವ ಜಾಗ ಸಣ್ಣದಾದಷ್ಟೂ ಮುಂದಿನ ಕಥೆ ನಂಬುವಂತಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಸುಲ್ತಾನರೆಲ್ಲ ಒಂದು ಕಡೆ ವಿಜಯನಗರ ಒಂದು ಕಡೆ ಎಂದು ಸರಳವಾಗಿ ಕಲಿತು ಬಂದಿದ್ದ ಮಕ್ಕಳು ಯಾರು ಯಾರ ಜೊತೆ ಯಾವಾಗ ಇದ್ದರು ಎಂದು ತಾವೇ ಹುಡುಕಿ ಓದಿದರು. ಇದೇ ಯುದ್ಧವನ್ನು ಕುರಿತ ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ ನಾಟಕವನ್ನು ಅವರಲ್ಲಿ ಕೆಲವರು ಆಮೇಲೆ ಓದಿದರೆಂದು ಕೇಳಿ ನನಗೆ ತುಂಬ ಸಂತೋಷವಾಯಿತು. ಪರೀಕ್ಷೆಗೆಂದು ಓದಿದ್ದರೆ ಇಷ್ಟು ಓದುತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಬಿಗಿಯಾಗಿ ಹೇಳಬೇಕು. ಇಂಥ ಬರಹ ಕಲ್ಪನೆ ಎಂಬ ಗುರುತಿಲ್ಲದೆ ಹೊರಗೆ ಹೋಗಬಾರದು. ಕಲ್ಪಿತ ನಾಣ್ಯದ ಚಿತ್ರ, ಕಲ್ಪಿತ ಶಾಸನದ ಸಾಲು ಮೊಬೈಲಿನಿಂದ ಮೊಬೈಲಿಗೆ ಹಾರಿ ನಾಲ್ಕು ದಿನದಲ್ಲಿ ಚರಿತ್ರೆಯ ದಾಖಲೆಯಾಗಿ ನಿಲ್ಲುವ ಕಾಲ ಇದು. ಸುಳ್ಳು ಚರಿತ್ರೆಗೂ ಪರ್ಯಾಯ ಚರಿತ್ರೆಗೂ ಇರುವ ಅಂತರ ಇಷ್ಟೇ: ಎಲ್ಲಿಂದ ಬದಲಿಸಿದ್ದೇವೆ ಎಂಬುದನ್ನು ಒಂದು ಮುಚ್ಚಿಡುತ್ತದೆ, ಇನ್ನೊಂದು ಮೊದಲ ಸಾಲಿನಲ್ಲೇ ಹೇಳುತ್ತದೆ. ಹಾಗಾಗಿ ಪ್ರತಿ ಪುಟದ ಮೇಲೂ ಇದು ಕಲ್ಪನೆ ಎಂದು ಬರೆಯಿರಿ. ಚಿತ್ರದ ಮೂಲೆಯಲ್ಲೂ ಬರೆಯಿರಿ. ನೊಂದ ಜನರ ಚರಿತ್ರೆಯನ್ನು ಮುಟ್ಟುವಾಗ ಆ ಜನರಲ್ಲಿ ಒಬ್ಬರಾದರೂ ನಿಮ್ಮ ಗುಂಪಿನಲ್ಲಿ ಇರಲಿ. ಇಲ್ಲದಿದ್ದರೆ ಆ ಭಾಗವನ್ನು ಬಿಟ್ಟುಬಿಡಿ.

ಶುರುಮಾಡುವವರಿಗೆ ನನ್ನ ಸಲಹೆ, ಸಾಮ್ರಾಜ್ಯ ಬೇಡ, ನಿಮ್ಮ ತಾಲ್ಲೂಕು ಸಾಕು. 1956ರಲ್ಲಿ ರಾಜ್ಯಗಳ ಗಡಿ ಹಾಕಿದಾಗ ನಿಮ್ಮ ಊರು ಇನ್ನೊಂದು ಕಡೆಗೆ ಬಿದ್ದಿದ್ದರೆ ಶಾಲೆಯ ಭಾಷೆ ಯಾವುದು, ಬಸ್ಸು ಯಾವ ಊರಿಗೆ ಹೋಗುತ್ತಿತ್ತು, ಸಂತೆಗೆ ಯಾರು ಬರುತ್ತಿದ್ದರು ಎಂದು ನೋಡಿ. ಗಡಿಯ ಊರುಗಳಲ್ಲಿ ಇದು ಕಲ್ಪನೆಗೆ ತೀರಾ ಹತ್ತಿರದ ಪ್ರಶ್ನೆ, ಉತ್ತರ ಬಲ್ಲ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಮೊದಲು ಅವರ ಬಳಿ ಹೋಗಿ ಕುಳಿತು ಕೇಳಿ. ನಿಮ್ಮ ಗುಂಪಿಗೆ ನಿಮ್ಮ ಅಭಿಪ್ರಾಯ ಒಪ್ಪದ ಒಬ್ಬರನ್ನಾದರೂ ಸೇರಿಸಿಕೊಳ್ಳಿ, ಅವರು ಎತ್ತಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮುಂದಿನ ಪುಟಕ್ಕೆ ಹೋಗಬೇಡಿ.